ಸಿಲಿಂಡರ್ ಹೆಡ್ ವಿನ್ಯಾಸ ಮತ್ತು ನಾಕಿಂಗ್: ಪರೀಕ್ಷೆ ನಡೆಸುವ ಕ್ರಮ

ಒಂದೇ ಪೆಟ್ರೋಲ್ ಎಂಜಿನ್ನಿಗೆ ಎರಡು ಬಗೆಯ ಸಿಲಿಂಡರ್ ಹೆಡ್‌ಗಳನ್ನು (ಸಿಲಿಂಡರನ್ನು ಮೇಲಿನಿಂದ ಮುಚ್ಚುವ ಭಾಗ) ಒಂದಾದ ಮೇಲೊಂದು ಕೂರಿಸಿ, ಯಾವುದರಲ್ಲಿ ನಾಕಿಂಗ್ (ಇಂಧನದ ಮಿಶ್ರಣ ತಾನಾಗಿ ಹೊತ್ತಿಕೊಂಡು ಏಳುವ ಬಡಿತ) ಬೇಗ ಶುರುವಾಗುತ್ತದೆ ಎಂದು ಕಿವಿಗೊಟ್ಟು ಕೇಳಿದರೆ ಪರೀಕ್ಷೆ ಮುಗಿಯಿತೆಂದು ಹಲವರು ಭಾವಿಸುತ್ತಾರೆ. ಹಾಗೆ ಸಿಗುವ ಉತ್ತರ ಸುಳ್ಳಾಗಿರಬೇಕೆಂದಿಲ್ಲ. ಆದರೆ ಅದು ಯಾವ ಪ್ರಶ್ನೆಗೆ ಸಿಕ್ಕ ಉತ್ತರ ಎಂಬುದು ಮಾತ್ರ ತಿಳಿಯುವುದಿಲ್ಲ. ಹೆಡ್ ಬದಲಾದಾಗ ದಹನ ಕೋಣೆಯ ಆಕಾರದ ಜೊತೆಗೆ ಕಂಪ್ರೆಶನ್ ರೇಶಿಯೋ (ಪಿಸ್ಟನ್ ಅತಿ ಕೆಳಗಿದ್ದಾಗಿನ ಗಾತ್ರಕ್ಕೂ ಅತಿ ಮೇಲಿದ್ದಾಗಿನ ಗಾತ್ರಕ್ಕೂ ಇರುವ ಅನುಪಾತ) ತುಸು ಆಚೀಚೆಯಾಗುತ್ತದೆ, ಪೋರ್ಟ್‌ಗಳ ಮೂಲಕ ಒಳಬರುವ ಗಾಳಿಯ ಪ್ರಮಾಣ ಬದಲಾಗುತ್ತದೆ, ಲೋಹದ ಉಷ್ಣತೆ ಮತ್ತು ಇಂಧನ ಉರಿಯುವ ವೇಗ ಎರಡೂ ಬದಲಾಗುತ್ತವೆ. ಇವುಗಳಲ್ಲಿ ಪ್ರತಿಯೊಂದೂ ತನ್ನಷ್ಟಕ್ಕೆ ನಾಕಿಂಗನ್ನು ಹೆಚ್ಚಿಸಬಲ್ಲದು, ಇಲ್ಲವೇ ತಗ್ಗಿಸಬಲ್ಲದು. ಆದ್ದರಿಂದ ಒಂದನ್ನು ಬಿಟ್ಟು ಉಳಿದವುಗಳನ್ನು ಹಿಡಿದು ನಿಲ್ಲಿಸುವುದೇ ಈ ಪರೀಕ್ಷೆಯ ಮುಖ್ಯ ಕೆಲಸ. ನಾಕಿಂಗ್ ಅಳೆಯುವುದು ಅದಕ್ಕೆ ಹೋಲಿಸಿದರೆ ಸುಲಭ.

ಅಳೆಯಬೇಕಾದದ್ದು ಏನು

ಕಿಡಿ ಹಾರಿದ ಮೇಲೆ ಜ್ವಾಲೆಯು ಪ್ಲಗ್‌ನಿಂದ ಹೊರಟು ಸಿಲಿಂಡರಿನ ಗೋಡೆಯತ್ತ ಹರಡುತ್ತದೆ. ಉರಿದ ಅನಿಲವು ಹಿಗ್ಗುತ್ತ, ಇನ್ನೂ ಉರಿಯದೆ ಉಳಿದ ಮಿಶ್ರಣವನ್ನು ಅಂಚಿಗೆ ಒತ್ತುತ್ತದೆ. ಹೀಗೆ ಕೊನೆಯಲ್ಲಿ ಉಳಿದ ಈ ಅನಿಲದ ಒತ್ತಡ ಮತ್ತು ಉಷ್ಣತೆ ಏರುತ್ತ ಹೋಗಿ, ಜ್ವಾಲೆ ತಲುಪುವ ಮೊದಲೇ ಅದು ತಾನಾಗಿ ಹೊತ್ತಿಕೊಂಡರೆ, ಆ ಭಾಗದಲ್ಲಿದ್ದ ಶಕ್ತಿಯೆಲ್ಲ ಹಠಾತ್ತನೆ ಬಿಡುಗಡೆಯಾಗಿ ಒತ್ತಡದ ಅಲೆಗಳು ಗೋಡೆಯಿಂದ ಗೋಡೆಗೆ ಬಡಿಯುತ್ತವೆ. ಹೊರಗೆ ಕೇಳಿಸುವ ಲೋಹದ ಸದ್ದು ಇದರದೇ. ಉರಿಯದ ಅನಿಲವು ಹೊತ್ತಿಕೊಳ್ಳಲು ತೆಗೆದುಕೊಳ್ಳುವ ವಿಳಂಬವು ಒತ್ತಡ ಮತ್ತು ಉಷ್ಣತೆ ಏರಿದಷ್ಟೂ ಕುಗ್ಗುತ್ತದೆ. ಕ್ಷಣ ಕ್ಷಣದ ಸ್ಥಿತಿಯಲ್ಲಿ ಆ ವಿಳಂಬದ ಎಷ್ಟು ಪಾಲು ಕಳೆಯಿತು ಎಂದು ಕೂಡಿಸುತ್ತ ಹೋದರೆ, ಮೊತ್ತ ಒಂದನ್ನು ಮುಟ್ಟಿದಾಗ ದಹನ ಸಂಭವಿಸುತ್ತದೆ ಎಂಬ ಲೆಕ್ಕವನ್ನು ಸಂಶೋಧಕರಾದ ಲಿವೆನ್‌ಗುಡ್ ಮತ್ತು ವು 1955ರಲ್ಲಿ ಮುಂದಿಟ್ಟರು. ಇಂದಿಗೂ ನಾಕಿಂಗ್ ಅಂದಾಜಿನ ಲೆಕ್ಕಾಚಾರಗಳು ಬಹುಪಾಲು ಇದೇ ತಳಹದಿಯ ಮೇಲೆ ನಿಂತಿವೆ.

ಅಂದರೆ ನಾಕಿಂಗ್ ಎಂಬುದು ಜ್ವಾಲೆಯ ಪಯಣಕ್ಕೂ ಅನಿಲದ ತಾಳ್ಮೆಗೂ ನಡುವಿನ ಪೈಪೋಟಿ. ಹೆಡ್‌ನ ವಿನ್ಯಾಸ ಈ ಪೈಪೋಟಿಯಲ್ಲಿ ಎರಡೂ ಕಡೆ ಕೈಹಾಕುತ್ತದೆ. 86 ಮಿಲಿಮೀಟರ್ ಬೋರ್‌ನ (ಸಿಲಿಂಡರಿನ ಒಳವ್ಯಾಸದ) ಎಂಜಿನ್ನಿನಲ್ಲಿ ಪ್ಲಗ್ ನಡುಮಧ್ಯದಲ್ಲಿದ್ದರೆ ಜ್ವಾಲೆ ಸುಮಾರು 43 ಮಿಲಿಮೀಟರ್ ಸಾಗಬೇಕು. ಪ್ಲಗ್ ಒಂದು ಬದಿಯಲ್ಲಿದ್ದರೆ ಅದೇ ದೂರ 70 ಮಿಲಿಮೀಟರನ್ನು ಮೀರಬಹುದು. ಜ್ವಾಲೆಯ ವೇಗವನ್ನು ಸರಾಸರಿ ಸೆಕೆಂಡಿಗೆ 20 ಮೀಟರ್ ಎಂದು ಹಿಡಿದರೆ, ನಿಮಿಷಕ್ಕೆ 2000 ಸುತ್ತಿನಲ್ಲಿ ಮೊದಲನೆಯದಕ್ಕೆ 26 ಕ್ರ್ಯಾಂಕ್ ಡಿಗ್ರಿಗಳೂ (ಅಷ್ಟು ಹೊತ್ತಿನಲ್ಲಿ ಕ್ರ್ಯಾಂಕ್ ದಂಡ ತಿರುಗುವ ಕೋನ) ಎರಡನೆಯದಕ್ಕೆ 42 ಡಿಗ್ರಿಗಳೂ ಬೇಕಾಗುತ್ತವೆ. ಆ ಹೆಚ್ಚುವರಿ 16 ಡಿಗ್ರಿಗಳಷ್ಟು ಹೊತ್ತು ಅಂಚಿನ ಅನಿಲವು ಬೇಯುತ್ತಲೇ ಇರುತ್ತದೆ. ಸ್ಕ್ವಿಶ್ (ಪಿಸ್ಟನ್ ಮತ್ತು ಹೆಡ್ ನಡುವೆ ಹಿಂಡಿ ಚಿಮ್ಮುವಿಕೆ), ಸ್ವರ್ಲ್ (ಅಡ್ಡಸುಳಿ), ಟಂಬಲ್ (ಮೇಲೆ ಕೆಳಗೆ ಉರುಳುವ ಸುಳಿ) ಮೊದಲಾದ ಚಲನೆಗಳು ಪ್ರಕ್ಷುಬ್ಧತೆಯನ್ನು ಹೆಚ್ಚಿಸಿ ಜ್ವಾಲೆಯ ವೇಗವನ್ನೇ ಏರಿಸುತ್ತವೆ. ಇನ್ನೊಂದು ಕಡೆ, ಎಕ್ಸಾಸ್ಟ್ ವಾಲ್ವ್‌ನ ಬಿಸಿ, ನೀರಿನ ದಾರಿಗಳು ಎಲ್ಲೆಲ್ಲಿ ಹಾದಿವೆ ಎಂಬುದು, ಹೆಡ್‌ನ ಲೋಹ ಯಾವುದು ಎಂಬುದು ಅಂಚಿನ ಅನಿಲದ ಉಷ್ಣತೆಯನ್ನು ನಿರ್ಧರಿಸುತ್ತವೆ. ಅಲ್ಯೂಮಿನಿಯಂ ಮಿಶ್ರಲೋಹವು ಎರಕದ ಕಬ್ಬಿಣಕ್ಕಿಂತ ಸುಮಾರು ಮೂರು ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ.

ಈ ತಿಳಿವಳಿಕೆ ಹಳೆಯದು. ಮೊದಲ ಮಹಾಯುದ್ಧದ ನಂತರದ ವರ್ಷಗಳಲ್ಲಿ ಬ್ರಿಟಿಷ್ ಎಂಜಿನಿಯರ್ ಹ್ಯಾರಿ ರಿಕಾರ್ಡೊ, ವಾಲ್ವ್‌ಗಳು ಸಿಲಿಂಡರಿನ ಪಕ್ಕದಲ್ಲಿರುವ ಸೈಡ್ ವಾಲ್ವ್ ಎಂಜಿನ್‌ಗಳಿಗಾಗಿ ರೂಪಿಸಿದ ಹೆಡ್‌ನಲ್ಲಿ ಪಿಸ್ಟನ್ನಿನ ಮೇಲಿನ ಜಾಗವನ್ನು ತೀರಾ ಕಿರಿದಾಗಿಸಿ, ಮಿಶ್ರಣವು ವಾಲ್ವ್‌ಗಳ ಮೇಲಿನ ಕೋಣೆಗೆ ರಭಸದಿಂದ ನುಗ್ಗುವಂತೆ ಮಾಡಿದರು. ಅದೇ ಇಂಧನಕ್ಕೆ ಹೆಚ್ಚಿನ ಕಂಪ್ರೆಶನ್ ಸಾಧ್ಯವಾಯಿತು. 1981ರಲ್ಲಿ ಜಾಗ್ವಾರ್ ತನ್ನ ವಿ12 ಎಂಜಿನ್ನಿಗೆ ಎಂಜಿನಿಯರ್ ಮೈಕೆಲ್ ಮೇ ರೂಪಿಸಿದ ಹೆಡ್ ಅಳವಡಿಸಿ ಕಂಪ್ರೆಶನ್ ರೇಶಿಯೋವನ್ನು 12.5ಕ್ಕೆ ಏರಿಸಿತು. ಎರಡರಲ್ಲೂ ಇಂಧನ ಹೊಸದಾಗಿರಲಿಲ್ಲ, ಕೋಣೆ ಹೊಸದಾಗಿತ್ತು.

ಪ್ರಶ್ನೆಯನ್ನು ಮೊದಲು ಗಟ್ಟಿಮಾಡಿಕೊಳ್ಳುವುದು

ಪರೀಕ್ಷೆಗೆ ಇಳಿಯುವ ಮುನ್ನ ಕಾಗದದ ಮೇಲೆ ಒಂದೇ ಒಂದು ವಾಕ್ಯದಲ್ಲಿ ಪ್ರಶ್ನೆಯನ್ನು ಬರೆದಿಡಬೇಕು. "ಕಂಪ್ರೆಶನ್ ರೇಶಿಯೋ ಮತ್ತು ಸಿಲಿಂಡರಿನೊಳಗೆ ಸಿಕ್ಕ ಗಾಳಿಯ ಪ್ರಮಾಣ ಎರಡೂ ಒಂದೇ ಇದ್ದಾಗ, ಸ್ಕ್ವಿಶ್ ಅಂತರವನ್ನು (ಪಿಸ್ಟನ್ ಅತಿ ಮೇಲಿರುವಾಗ ಅದರ ಅಂಚಿಗೂ ಹೆಡ್ಡಿಗೂ ನಡುವಿನ ಸಂದಿ) 1.5 ಮಿಲಿಮೀಟರಿನಿಂದ 1 ಮಿಲಿಮೀಟರಿಗೆ ಇಳಿಸಿದರೆ ನಾಕ್ ಮಿತಿ, ಅಂದರೆ ನಾಕಿಂಗ್ ಶುರುವಾಗುವ ಹಂತ, ಎಷ್ಟು ಬದಲಾಗುತ್ತದೆ" ಎಂಬುದು ಪರೀಕ್ಷಿಸಬಲ್ಲ ಪ್ರಶ್ನೆ. "ಯಾವ ಹೆಡ್ ಒಳ್ಳೆಯದು" ಎಂಬುದು ಪರೀಕ್ಷಿಸಬಲ್ಲ ಪ್ರಶ್ನೆಯಲ್ಲ, ಅಂಗಡಿಯಲ್ಲಿ ಕೇಳಬಹುದಾದ ಪ್ರಶ್ನೆ. ಸಾಧ್ಯವಿದ್ದಲ್ಲಿ ಎರಡು ಬೇರೆ ಬೇರೆ ಎರಕದ ಹೆಡ್‌ಗಳನ್ನು ಹೋಲಿಸುವುದಕ್ಕಿಂತ, ಒಂದೇ ಹೆಡ್ಡನ್ನು ಹಂತ ಹಂತವಾಗಿ ಮಾರ್ಪಡಿಸುತ್ತ ಹೋಗುವುದು ಲೇಸು, ಏಕೆಂದರೆ ಆಗ ಪೋರ್ಟ್‌ಗಳೂ ನೀರಿನ ದಾರಿಗಳೂ ಇದ್ದಂತೆಯೇ ಇರುತ್ತವೆ. ಆದರೆ ಲೋಹ ತೆಗೆದ ಮೇಲೆ ಹಿಂದಕ್ಕೆ ಹೋಗಲಾಗದು. ಆದ್ದರಿಂದ ಮಾರ್ಪಡಿಸದ ಇನ್ನೊಂದು ಹೆಡ್ಡನ್ನು ಆಧಾರವಾಗಿ ಪಕ್ಕಕ್ಕೆ ಇಟ್ಟುಕೊಂಡಿರಬೇಕು.

ಕೋಣೆಯ ಅಳತೆ

500 ಸಿಸಿಯ ಸಿಲಿಂಡರಿನಲ್ಲಿ 11ರ ಕಂಪ್ರೆಶನ್ ರೇಶಿಯೋ ಬೇಕಾದರೆ ಪಿಸ್ಟನ್ ಅತಿ ಮೇಲಿರುವಾಗ ಉಳಿಯುವ ಜಾಗ 50 ಸಿಸಿ ಇರಬೇಕು. ಅದು 51 ಸಿಸಿ ಆದರೆ ರೇಶಿಯೋ 10.8ಕ್ಕೆ ಇಳಿಯುತ್ತದೆ. ಒಂದೇ ಒಂದು ಸಿಸಿಯ ವ್ಯತ್ಯಾಸಕ್ಕೆ ಇಷ್ಟು ಬದಲಾವಣೆ ಆಗುವುದರಿಂದ, ತಯಾರಕರು ಕೊಟ್ಟ ಅಂಕಿಯನ್ನು ನಂಬಿ ಕೂರದೆ ಪ್ರತಿ ಹೆಡ್‌ನ ಪ್ರತಿ ಕೋಣೆಯನ್ನೂ ಸ್ವತಃ ಅಳೆಯಬೇಕು.

ಅಳೆಯುವ ಕ್ರಮ ಹೀಗಿದೆ. ವಾಲ್ವ್‌ಗಳನ್ನು ಸೀಟಿಗೆ ಚೆನ್ನಾಗಿ ಉಜ್ಜಿ ಕೂರಿಸಿ, ಅಂಚಿಗೆ ತೆಳುವಾಗಿ ಗ್ರೀಸ್ ಸವರಿ, ಪರೀಕ್ಷೆಯಲ್ಲಿ ಬಳಸಲಿರುವ ಪ್ಲಗ್ಗನ್ನೇ ಬಿಗಿಯಬೇಕು. ಹೆಡ್ಡನ್ನು ಕೋಣೆ ಮೇಲ್ಮುಖವಾಗುವಂತೆ, ತುಸು ಓರೆಯಾಗಿ ಇಟ್ಟು, ಅಂಚಿನ ಸುತ್ತ ಗ್ರೀಸ್ ಸವರಿ, ಸಣ್ಣ ರಂಧ್ರವಿರುವ ದಪ್ಪ ಅಕ್ರಿಲಿಕ್ ಹಲಗೆಯನ್ನು ಅದರ ಮೇಲೆ ಒತ್ತಬೇಕು. ರಂಧ್ರವು ಓರೆಯ ಎತ್ತರದ ಬದಿಗೆ ಇದ್ದರೆ ಗಾಳಿಯ ಗುಳ್ಳೆಗಳು ತಾವಾಗಿ ಅಲ್ಲಿಗೆ ಬಂದು ಹೊರಹೋಗುತ್ತವೆ. ಬಣ್ಣ ಬೆರೆಸಿದ ಸ್ಪಿರಿಟ್ಟನ್ನು ಬ್ಯುರೆಟ್‌ನಿಂದ ಬಿಡುತ್ತ, ಹಲಗೆಯ ತಳಭಾಗ ಪೂರ್ತಿ ತುಂಬಿದ ಕ್ಷಣದ ಅಳತೆಯನ್ನು ಬರೆದುಕೊಳ್ಳಬೇಕು. ಮೂರು ಸಲ ಅಳೆದಾಗ 0.2 ಸಿಸಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಎಲ್ಲೋ ಸೋರಿಕೆ ಇದೆ, ಇಲ್ಲವೇ ಗುಳ್ಳೆ ಉಳಿದಿದೆ ಎಂದರ್ಥ.

ಪಿಸ್ಟನ್ ತಲೆಯ ಉಬ್ಬು ಮತ್ತು ವಾಲ್ವ್ ಗುಳಿಗಳನ್ನು ಇದೇ ಹಲಗೆಯಿಂದ ಅಳೆಯಬಹುದು. ಪಿಸ್ಟನ್ನನ್ನು ಬ್ಲಾಕಿನ ಮೇಲ್ಮೈಯಿಂದ ಸರಿಯಾಗಿ 10 ಮಿಲಿಮೀಟರ್ ಕೆಳಗೆ ನಿಲ್ಲಿಸಿ, ಸುತ್ತಲೂ ಗ್ರೀಸಿನಿಂದ ಮುಚ್ಚಿ, ದ್ರವ ತುಂಬಬೇಕು. 86 ಮಿಲಿಮೀಟರ್ ಬೋರ್‌ಗೆ ಪಿಸ್ಟನ್ ತಲೆ ಚಪ್ಪಟೆಯಾಗಿದ್ದರೆ 58.1 ಸಿಸಿ ಹಿಡಿಯಬೇಕು. ಅದಕ್ಕಿಂತ ಹೆಚ್ಚೋ ಕಡಿಮೆಯೋ ಹಿಡಿದ ಪ್ರಮಾಣವೇ ಗುಳಿಯ ಅಥವಾ ಉಬ್ಬಿನ ಗಾತ್ರ. ಇದಕ್ಕೆ ಬಿಗಿದ ಮೇಲಿನ ಗ್ಯಾಸ್ಕೆಟ್ ದಪ್ಪವನ್ನೂ ಪಿಸ್ಟನ್ ಬ್ಲಾಕಿನ ಮೇಲ್ಮೈಯಿಂದ ಎಷ್ಟು ಕೆಳಗೆ ನಿಲ್ಲುತ್ತದೆ ಎಂಬುದನ್ನೂ ಸೇರಿಸಿದರೆ ಲೆಕ್ಕ ಪೂರ್ತಿಯಾಗುತ್ತದೆ.

ಸ್ಕ್ವಿಶ್ ಅಂತರವನ್ನು ಮೃದುವಾದ ಬೆಸುಗೆ ತಂತಿಯಿಂದ ಅಳೆಯುವುದು ವಾಡಿಕೆ. ಸುಮಾರು 2 ಮಿಲಿಮೀಟರ್ ದಪ್ಪದ ತಂತಿಯ ತುಂಡುಗಳನ್ನು ಪಿಸ್ಟನ್ ಪಿನ್ನಿನ ನೇರಕ್ಕೆ ಎರಡೂ ಬದಿಯಲ್ಲಿ ಇಟ್ಟು, ಹೆಡ್ಡನ್ನು ಪೂರ್ಣ ಟಾರ್ಕಿಗೆ ಬಿಗಿದು, ಎಂಜಿನ್ನನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ಚಪ್ಪಟೆಯಾದ ತಂತಿಯನ್ನು ಮೈಕ್ರೋಮೀಟರಿನಿಂದ ಅಳೆಯಬೇಕು. ತಂತಿಯನ್ನು ಪಿನ್ನಿಗೆ ಅಡ್ಡಲಾಗಿ ಇಟ್ಟರೆ ಪಿಸ್ಟನ್ ಓಲಾಡಿ ಅಳತೆ ತಪ್ಪುತ್ತದೆ.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ಸ್ಕ್ವಿಶ್ ಅಂತರವನ್ನು ಬದಲಿಸಲು ಎಲ್ಲರೂ ಮೊದಲು ಹುಡುಕುವುದು ಬೇರೆ ದಪ್ಪದ ಗ್ಯಾಸ್ಕೆಟ್. ಮೇಲಿನ ಎಂಜಿನ್ನಿನಲ್ಲೇ ಗ್ಯಾಸ್ಕೆಟ್ಟನ್ನು ಅರ್ಧ ಮಿಲಿಮೀಟರ್ ದಪ್ಪಮಾಡಿದರೆ 2.9 ಸಿಸಿ ಸೇರಿ ರೇಶಿಯೋ 11ರಿಂದ 10.45ಕ್ಕೆ ಬೀಳುತ್ತದೆ. ಈಗ ನಾಕಿಂಗ್ ಕಡಿಮೆಯಾದರೆ ಅದರ ಶ್ರೇಯಸ್ಸು ಸ್ಕ್ವಿಶ್‌ಗೆ ಸಲ್ಲಬೇಕೋ, ಇಳಿದ ಕಂಪ್ರೆಶನ್ನಿಗೆ ಸಲ್ಲಬೇಕೋ? ಸಂಕೋಚನದ ಆರಂಭದಲ್ಲಿ 350 ಕೆಲ್ವಿನ್ ಇರುವ ಮಿಶ್ರಣವು 10ರ ರೇಶಿಯೋದಲ್ಲಿ ಸುಮಾರು 730 ಕೆಲ್ವಿನ್ನಿಗೂ 11ರಲ್ಲಿ ಸುಮಾರು 754 ಕೆಲ್ವಿನ್ನಿಗೂ ಏರುತ್ತದೆ. ಕಿಡಿಯ ಮಾತೇ ಬರದ ಹಂತದಲ್ಲಿ ಇಷ್ಟು ಅಂತರ. ಆದ್ದರಿಂದ ಅಂತರ ಕಿರಿದಾದಾಗ ಕೋಣೆಯಿಂದ ಅಷ್ಟೇ ಲೋಹ ತೆಗೆದು, ಇಲ್ಲವೇ ಪಿಸ್ಟನ್ನಿನ ಗುಳಿಯನ್ನು ಅಷ್ಟೇ ಆಳಗೊಳಿಸಿ, ಒಟ್ಟು ಗಾತ್ರವನ್ನು ಮೊದಲಿನಷ್ಟಕ್ಕೇ ತರಬೇಕು. ಈ ಸರಿದೂಗಿಸುವ ಕೆಲಸ ಬೇಸರದ್ದು, ಆದರೆ ಇದನ್ನು ಬಿಟ್ಟ ಪರೀಕ್ಷೆಯ ಅಂಕಿಗಳನ್ನು ನಾನಂತೂ ಓದಲು ಹೋಗುವುದಿಲ್ಲ.

ಒತ್ತಡ ಅಳೆಯುವ ಸಲಕರಣೆ

ನಾಕಿಂಗ್ ಅಳೆಯುವ ನಂಬಲರ್ಹ ಮಾರ್ಗವೆಂದರೆ ಸಿಲಿಂಡರಿನೊಳಗಿನ ಒತ್ತಡವನ್ನು ಪೀಜೋಎಲೆಕ್ಟ್ರಿಕ್ (ಒತ್ತಿದಾಗ ವಿದ್ಯುತ್ ಸಂಕೇತ ಕೊಡುವ) ಸೆನ್ಸರ್‌ನಿಂದ ನೇರವಾಗಿ ದಾಖಲಿಸುವುದು. ಸೆನ್ಸರ್‌ನ ಮುಖವು ಕೋಣೆಯ ಗೋಡೆಗೆ ಸಮನಾಗಿ ಕೂರಬೇಕು. ಉದ್ದನೆಯ ಕೊಳವೆಯ ತುದಿಯಲ್ಲಿ ಕೂತರೆ ಆ ಕೊಳವೆಯೇ ಪೀಪಿಯಂತೆ ಊದಿ ನಾಕ್‌ನಂಥದೇ ಕಂಪನವನ್ನು ದಾಖಲೆಗೆ ಸೇರಿಸುತ್ತದೆ.

ಎಷ್ಟು ವೇಗವಾಗಿ ದಾಖಲಿಸಬೇಕು ಎಂಬುದನ್ನು ಸಿಲಿಂಡರಿನ ಅನುರಣನವೇ ಹೇಳುತ್ತದೆ. 1930ರ ದಶಕದಲ್ಲಿ ಎಂಜಿನಿಯರ್ ಚಾರ್ಲ್ಸ್ ಸ್ಟಾರ್ಕ್ ಡ್ರೇಪರ್ ತೋರಿಸಿದಂತೆ, ಅನಿಲದಲ್ಲಿನ ಶಬ್ದದ ವೇಗವನ್ನು 1.841ರಿಂದ ಗುಣಿಸಿ, ಪೈ ಮತ್ತು ಬೋರ್‌ಗಳ ಗುಣಲಬ್ಧದಿಂದ ಭಾಗಿಸಿದರೆ ಮೊದಲ ಅನುರಣನದ ಆವರ್ತನ ಸಿಗುತ್ತದೆ. ಉರಿದ ಅನಿಲದಲ್ಲಿ ಶಬ್ದದ ವೇಗ ಸೆಕೆಂಡಿಗೆ 950 ಮೀಟರ್ ಎಂದಿಟ್ಟುಕೊಂಡರೆ, 86 ಮಿಲಿಮೀಟರ್ ಬೋರ್‌ಗೆ ಇದು ಸುಮಾರು 6.5 ಕಿಲೋಹರ್ಟ್ಸ್. ನಿಮಿಷಕ್ಕೆ 2000 ಸುತ್ತಿನಲ್ಲಿ ಪ್ರತಿ ಒಂದು ಡಿಗ್ರಿಗೆ ಒಮ್ಮೆ ದಾಖಲಿಸಿದರೆ ಸೆಕೆಂಡಿಗೆ 12 ಸಾವಿರ ಬಿಂದುಗಳಷ್ಟೇ ಸಿಗುತ್ತವೆ, 6.5 ಕಿಲೋಹರ್ಟ್ಸ್‌ನ ಕಂಪನವನ್ನು ಸರಿಯಾಗಿ ಹಿಡಿಯಲು ಇದು ಸಾಲದು. 0.1 ಡಿಗ್ರಿಗೆ ಒಮ್ಮೆ ದಾಖಲಿಸಿದರೆ 1 ಲಕ್ಷ 20 ಸಾವಿರ ಬಿಂದುಗಳು ಸಿಕ್ಕಿ, ಮೇಲಿನ ಅನುರಣನಗಳೂ ಕಾಣುತ್ತವೆ. ಪಿಸ್ಟನ್ ಅತಿ ಮೇಲಿರುವ ಬಿಂದುವನ್ನು 0.1 ಡಿಗ್ರಿಯ ನಿಖರತೆಯಲ್ಲಿ ಗುರುತಿಸಿಕೊಂಡಿರಬೇಕು. ಒಂದು ಡಿಗ್ರಿ ತಪ್ಪಿದರೂ ಸರಾಸರಿ ಒತ್ತಡದ ಲೆಕ್ಕ ಕೆಲವು ಪ್ರತಿಶತ ಕೆಡುತ್ತದೆ.

ಸೆನ್ಸರ್ ಎಲ್ಲಿ ಕೂರಬೇಕು ಎಂಬುದರಲ್ಲಿ ಹೆಡ್ ಹೋಲಿಕೆಗೇ ವಿಶೇಷವಾದ ಒಂದು ಬಲೆ ಇದೆ. ಮೊದಲ ಅನುರಣನದಲ್ಲಿ ಅನಿಲವು ಸಿಲಿಂಡರಿನ ಒಂದು ಬದಿಯಿಂದ ಇನ್ನೊಂದು ಬದಿಗೆ ತೂಗಾಡುತ್ತದೆ. ಗೋಡೆಯ ಬಳಿ ಒತ್ತಡದ ಏರಿಳಿತ ಗರಿಷ್ಠ, ನಡುಮಧ್ಯದಲ್ಲಿ ಬಹುತೇಕ ಶೂನ್ಯ. ಹಾಗಾಗಿ ನಡುವೆ ಪ್ಲಗ್ ಇರುವ ಪೆಂಟ್‌ರೂಫ್ (ಇಳಿಜಾರು ಮಾಡಿನಾಕಾರದ ಕೋಣೆಯ) ಹೆಡ್‌ನಲ್ಲಿ ಪ್ಲಗ್‌ನೊಳಗೇ ಅಡಗಿಸಿದ ಸೆನ್ಸರ್ ಬಳಸಿ, ಬದಿಯಲ್ಲಿ ಪ್ಲಗ್ ಇರುವ ಹೆಡ್‌ನಲ್ಲೂ ಅದೇ ಬಗೆಯ ಸೆನ್ಸರ್ ಬಳಸಿದರೆ, ನಾಕಿಂಗ್ ಸಮನಾಗಿದ್ದರೂ ಮೊದಲನೆಯದು ಶಾಂತವಾಗಿ ಕಾಣುತ್ತದೆ. ವಿನ್ಯಾಸ ಗೆದ್ದಿತೆಂದು ಬೀಗುವ ಮುನ್ನ ಸೆನ್ಸರ್ ಕೂತ ಜಾಗವನ್ನು ನೋಡಬೇಕು. ಎರಡೂ ಹೆಡ್‌ಗಳಲ್ಲಿ ಗೋಡೆಗೆ ಸಮೀಪ, ಬೋರ್‌ನ ಮಧ್ಯದಿಂದ ಒಂದೇ ದೂರದಲ್ಲಿ ಪ್ರತ್ಯೇಕ ರಂಧ್ರ ಕೊರೆದು ಸೆನ್ಸರ್ ಕೂರಿಸುವುದು ಸರಿಯಾದ ಪರಿಹಾರ. ರಂಧ್ರ ಕೊರೆಯುವಾಗ ನೀರಿನ ದಾರಿ ಒಡೆಯದಂತೆ ಮೊದಲೇ ನೋಡಿಕೊಳ್ಳಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಇದರ ಜೊತೆಗೆ ಎಕ್ಸಾಸ್ಟ್ ವಾಲ್ವ್‌ಗಳ ನಡುವಿನ ಸೇತುವೆಯಲ್ಲಿ ಮತ್ತು ಪ್ಲಗ್‌ನ ಸಮೀಪ, ಕೋಣೆಯ ಮೇಲ್ಮೈಯಿಂದ 2 ಅಥವಾ 3 ಮಿಲಿಮೀಟರ್ ಒಳಗೆ ಉಷ್ಣತೆ ಅಳೆಯುವ ಥರ್ಮೋಕಪಲ್ ಇಟ್ಟರೆ, ಎರಡು ಹೆಡ್‌ಗಳ ನಡುವಿನ ವ್ಯತ್ಯಾಸದಲ್ಲಿ ತಣಿಸುವಿಕೆಯ ಪಾಲೆಷ್ಟು, ಆಕಾರದ ಪಾಲೆಷ್ಟು ಎಂದು ಊಹಿಸಲು ಆಧಾರ ಸಿಗುತ್ತದೆ.

ಒತ್ತಡದ ಸೆನ್ಸರ್ ಕೈಗೆಟುಕದವರು ಬ್ಲಾಕಿಗೆ ಬಿಗಿಯುವ ಸಾಮಾನ್ಯ ನಾಕ್ ಸೆನ್ಸರ್ ಬಳಸಬಹುದು. ಅದನ್ನು ಹೆಡ್ಡಿಗೆ ಬಿಗಿಯದೆ ಬ್ಲಾಕಿಗೇ, ಪ್ರತಿ ಸಲವೂ ಅದೇ ಜಾಗದಲ್ಲಿ, ಅದೇ ಟಾರ್ಕಿನಲ್ಲಿ ಬಿಗಿಯಬೇಕು. ಪಿಸ್ಟನ್ ಅತಿ ಮೇಲಿನ ಬಿಂದುವಿನಿಂದ ಅದರ ನಂತರದ 60 ಅಥವಾ 70 ಡಿಗ್ರಿಗಳವರೆಗಿನ ಸಂಕೇತವನ್ನಷ್ಟೇ ಪರಿಗಣಿಸಿದರೆ ವಾಲ್ವ್ ಕೂರುವ ಸದ್ದು ಬಹುಮಟ್ಟಿಗೆ ದೂರವಾಗುತ್ತದೆ. ಆದರೆ ಈ ವಿಧಾನದಿಂದ ಉರಿಯುವಿಕೆಯ ಹಂತ ತಿಳಿಯುವುದಿಲ್ಲ, ಮತ್ತು ಮುಂದೆ ನೋಡಲಿರುವಂತೆ ಅದಿಲ್ಲದೆ ತೀರ್ಪು ಅರ್ಧಕ್ಕೇ ನಿಲ್ಲುತ್ತದೆ.

ಸ್ಥಿರವಾಗಿ ಹಿಡಿಯಬೇಕಾದವು

ಇಂಧನವನ್ನು ಒಂದೇ ಡ್ರಮ್ಮಿನಿಂದ, ಬಿಗಿಯಾಗಿ ಮುಚ್ಚಿಟ್ಟು ಬಳಸಬೇಕು. ತೆರೆದಿಟ್ಟರೆ ಹಗುರವಾದ ಅಂಶಗಳು ಹಾರಿಹೋಗಿ ಕೊನೆಯ ದಿನದ ಇಂಧನ ಮೊದಲ ದಿನದ್ದಾಗಿರುವುದಿಲ್ಲ. ಒಳಬರುವ ಗಾಳಿಯ ಉಷ್ಣತೆ, ಹೆಡ್‌ನಿಂದ ಹೊರಬರುವ ನೀರಿನ ಉಷ್ಣತೆ ಮತ್ತು ಎಣ್ಣೆಯ ಉಷ್ಣತೆಗಳನ್ನು ಒಂದೆರಡು ಡಿಗ್ರಿಯ ಒಳಗೆ ಹಿಡಿದಿಡಬೇಕು. ಗಾಳಿಯ ತೇವಾಂಶವನ್ನು ಕಡೆಗಣಿಸುವವರೇ ಹೆಚ್ಚು. ನೀರಾವಿ ಹೆಚ್ಚಿದ್ದರೆ ನಾಕಿಂಗ್ ತಗ್ಗುತ್ತದೆ, ಆದ್ದರಿಂದ ಒಣಹವೆಯಲ್ಲಿ ಒಂದು ಹೆಡ್ಡನ್ನೂ ಮಳೆಯ ದಿನ ಇನ್ನೊಂದನ್ನೂ ಪರೀಕ್ಷಿಸಿದರೆ ಹೋಲಿಕೆ ಹಾಳಾಗುತ್ತದೆ. ಮಿಶ್ರಣದ ಪ್ರಮಾಣವನ್ನು ವೈಡ್‌ಬ್ಯಾಂಡ್ ಸೆನ್ಸರ್‌ನಿಂದ ನೋಡುತ್ತ ಒಂದೇ ಲ್ಯಾಂಬ್ಡಾದಲ್ಲಿ (ಗಾಳಿ-ಇಂಧನದ ಅನುಪಾತದ ಅಳತೆ) ಇಡಬೇಕು. ಹೊಸದಾಗಿ ಯಂತ್ರದಲ್ಲಿ ಕೊರೆದ ಕೋಣೆ ಸ್ವಚ್ಛವಾಗಿರುತ್ತದೆ, ಹಳೆಯದರಲ್ಲಿ ಇಂಗಾಲದ ಪದರ ಇರುತ್ತದೆ. ಆ ಪದರ ಶಾಖವನ್ನು ತಡೆದು, ಗಾತ್ರವನ್ನೂ ತುಸು ಕುಗ್ಗಿಸಿ ನಾಕಿಂಗನ್ನು ಹೆಚ್ಚಿಸುವುದರಿಂದ, ಎರಡನ್ನೂ ತೊಳೆದು ಸ್ವಚ್ಛಗೊಳಿಸಿ, ಒಂದೇ ಅವಧಿಯವರೆಗೆ ಒಂದೇ ಹೊರೆಯಲ್ಲಿ ಓಡಿಸಿದ ಮೇಲೆಯೇ ಅಳತೆ ಶುರುಮಾಡಬೇಕು. ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲಿನ ಮೂಲಕ ಎಣ್ಣೆ ಮೇಲೆ ಬರುತ್ತಿದ್ದರೆ ಪರೀಕ್ಷೆಯನ್ನೇ ಮುಂದೂಡುವುದು ಒಳಿತು.

ಗಾಳಿಯ ಪ್ರಮಾಣದ ವಿಷಯ ಇವೆಲ್ಲಕ್ಕಿಂತ ಸೂಕ್ಷ್ಮವಾದುದು. ಚೆನ್ನಾಗಿ ಉಸಿರಾಡುವ ಹೆಡ್ ಪೂರ್ತಿ ತೆರೆದ ಥ್ರಾಟಲ್‌ನಲ್ಲಿ ಹೆಚ್ಚು ಗಾಳಿಯನ್ನು ಒಳಗೆ ತಂದು, ಹೆಚ್ಚು ಒತ್ತಡ ಹುಟ್ಟಿಸಿ, ಅದೇ ಕಾರಣಕ್ಕೆ ಬೇಗ ನಾಕ್ ಆಗುತ್ತದೆ. ಕೋಣೆಯ ಆಕಾರವನ್ನು ದೂರುವುದು ಇಲ್ಲಿ ಅನ್ಯಾಯ. ಆದ್ದರಿಂದ ಗಾಳಿಯ ಹರಿವನ್ನು ಅಳೆದು, ಪ್ರತಿ ಚಕ್ರಕ್ಕೆ ಒಳಸಿಕ್ಕುವ ಗಾಳಿ ಎರಡೂ ಹೆಡ್‌ಗಳಲ್ಲಿ ಒಂದೇ ಆಗುವಂತೆ ಥ್ರಾಟಲ್ ಹೊಂದಿಸಿ ಮೊದಲ ಸುತ್ತಿನ ಪರೀಕ್ಷೆ ನಡೆಸಬೇಕು. ಆಮೇಲೆ ಬೇಕಿದ್ದರೆ ಥ್ರಾಟಲ್ ಪೂರ್ತಿ ತೆರೆದು ಇನ್ನೊಂದು ಸುತ್ತು ನಡೆಸಬಹುದು. ಮೊದಲ ಸುತ್ತು ಕೋಣೆಯ ಬಗ್ಗೆ ಹೇಳುತ್ತದೆ, ಎರಡನೆಯದು ಎಂಜಿನ್ನಿನ ಬಗ್ಗೆ.

ಪರೀಕ್ಷೆಯ ಓಟ

ಕಡಿಮೆ ವೇಗದಲ್ಲಿ, ಹೆಚ್ಚು ಹೊರೆಯಲ್ಲಿ ಅಂಚಿನ ಅನಿಲಕ್ಕೆ ಹೊತ್ತಿಕೊಳ್ಳಲು ಹೆಚ್ಚು ಸಮಯ ಸಿಗುವುದರಿಂದ ನಿಮಿಷಕ್ಕೆ 1500ರಿಂದ 2500 ಸುತ್ತಿನ ನಡುವೆ ಪರೀಕ್ಷೆ ಆರಂಭಿಸುವುದು ಸೂಕ್ತ. ಡೈನಮೋಮೀಟರಿನಲ್ಲಿ (ಎಂಜಿನ್ನಿಗೆ ಹೊರೆ ಕೊಟ್ಟು ಟಾರ್ಕ್ ಅಳೆಯುವ ಯಂತ್ರ) ಎಂಜಿನ್ನಿನ ವೇಗವನ್ನು ಸ್ಥಿರಗೊಳಿಸಿ, ನಾಕಿಂಗ್ ಇಲ್ಲವೆಂದು ಖಚಿತವಿರುವಷ್ಟು ತಡವಾದ ಕಿಡಿಯಿಂದ ಶುರುಮಾಡಿ, ಒಂದೊಂದೇ ಡಿಗ್ರಿ ಮುಂದಕ್ಕೆ ತರಬೇಕು. ಪ್ರತಿ ಹಂತದಲ್ಲೂ ಉಷ್ಣತೆಗಳು ನೆಲೆಗೊಳ್ಳುವವರೆಗೆ ಕಾದು, ಆಮೇಲೆ ಚಕ್ರಗಳನ್ನು ದಾಖಲಿಸಬೇಕು. ಪ್ರತಿ ಚಕ್ರದ ಒತ್ತಡದ ದಾಖಲೆಯನ್ನು 4ರಿಂದ 20 ಕಿಲೋಹರ್ಟ್ಸ್‌ನ ಫಿಲ್ಟರಿನಲ್ಲಿ ಹಾಯಿಸಿ, ಉಳಿದ ಕಂಪನದ ಗರಿಷ್ಠ ಎತ್ತರವನ್ನು ಆ ಚಕ್ರದ ನಾಕ್ ತೀವ್ರತೆಯೆಂದು ಹಿಡಿಯಬಹುದು. ತೀವ್ರತೆ 1 ಬಾರ್ ಮೀರಿದ ಚಕ್ರಗಳು ಒಟ್ಟು ಚಕ್ರಗಳಲ್ಲಿ ಶೇಕಡ 5ರಷ್ಟಾದಾಗ ನಾಕ್ ಮಿತಿ ತಲುಪಿತೆಂದು ನಿರ್ಧರಿಸಿಕೊಳ್ಳಬಹುದು. ಈ ಅಂಕಿಗಳು ದೈವವಾಣಿಯಲ್ಲ. ಬೇರೆ ಮಿತಿಯನ್ನು ಆರಿಸಿಕೊಳ್ಳಲು ಅಡ್ಡಿಯಿಲ್ಲ, ಆದರೆ ಆರಿಸಿದ್ದನ್ನು ಪರೀಕ್ಷೆಗೆ ಮೊದಲೇ ಬರೆದಿಟ್ಟು ಕೊನೆಯವರೆಗೂ ಬದಲಿಸಬಾರದು.

ಎಷ್ಟು ಚಕ್ರಗಳು ಬೇಕು ಎಂಬುದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ನಾಕಿಂಗ್ ಚಕ್ರದಿಂದ ಚಕ್ರಕ್ಕೆ ಏರುಪೇರಾಗುವ ಸಂಗತಿ. 300 ಚಕ್ರಗಳಲ್ಲಿ ಶೇಕಡ 5 ಎಂದರೆ 15 ಚಕ್ರಗಳು. ಅದೃಷ್ಟದ ಏರಿಳಿತದಿಂದಲೇ ಈ ಸಂಖ್ಯೆ 8ರಿಂದ 22ರವರೆಗೆ ಹೊಯ್ದಾಡಬಹುದು. ಅಂದರೆ ಶೇಕಡ 4ಕ್ಕೂ 6ಕ್ಕೂ ವ್ಯತ್ಯಾಸವಿದೆಯೆಂದು ಆ ದಾಖಲೆಯಿಂದ ಹೇಳಲಾಗದು. 1000 ಚಕ್ರಗಳನ್ನು ತೆಗೆದುಕೊಂಡರೆ ಹೊಯ್ದಾಟ ಶೇಕಡ 3.6ರಿಂದ 6.4ರ ಒಳಗೆ ಬರುತ್ತದೆ. ನಿಮಿಷಕ್ಕೆ 2000 ಸುತ್ತಿನ ನಾಲ್ಕು ಸ್ಟ್ರೋಕ್ ಎಂಜಿನ್ನಿನಲ್ಲಿ ಸಾವಿರ ಚಕ್ರಗಳಿಗೆ ಒಂದೇ ನಿಮಿಷ ಸಾಕು, ಆದ್ದರಿಂದ ಜಿಪುಣತನಕ್ಕೆ ಕಾರಣವಿಲ್ಲ.

ಮೊದಲ ಹೆಡ್, ಎರಡನೆಯ ಹೆಡ್, ಮತ್ತೆ ಮೊದಲ ಹೆಡ್ ಎಂಬ ಕ್ರಮದಲ್ಲಿ, ಪ್ರತಿ ಸಲವೂ ಹೊಸ ಗ್ಯಾಸ್ಕೆಟ್ ಹಾಕಿ, ಪರೀಕ್ಷೆಯನ್ನು ಪುನರಾವರ್ತಿಸಬೇಕು. ಮೊದಲ ಹೆಡ್‌ನ ಎರಡು ಫಲಿತಾಂಶಗಳ ನಡುವಿನ ಅಂತರವೇ ಪರೀಕ್ಷೆಯ ನಿಜವಾದ ಅನಿಶ್ಚಿತತೆ. ಎರಡು ಹೆಡ್‌ಗಳ ನಡುವಿನ ವ್ಯತ್ಯಾಸ ಅದಕ್ಕಿಂತ ಕಿರಿದಾಗಿದ್ದರೆ ಏನೂ ಸಾಬೀತಾಗಿಲ್ಲ ಎಂದೇ ಬರೆಯಬೇಕು.

ಓಟದ ನಡುವೆ ಕಿಡಿಯನ್ನು ಹಿಂದಕ್ಕೆ ಸರಿಸಿದರೂ ಸದ್ದು ನಿಲ್ಲದಿದ್ದರೆ, ಅಥವಾ ಕಿಡಿಗೆ ಮೊದಲೇ ಒತ್ತಡ ಏರುವುದು ಕಂಡರೆ, ಅದು ನಾಕಿಂಗ್ ಅಲ್ಲ, ಬಿಸಿಯಾದ ಪ್ಲಗ್ ಅಥವಾ ಇಂಗಾಲದ ಕಿಡಿಕಣದಿಂದ ಉಂಟಾದ ಪೂರ್ವದಹನ. ಎಂಜಿನ್ನನ್ನು ಕೂಡಲೇ ಹೊರೆಯಿಂದ ಇಳಿಸಬೇಕು. ಕೆಲವೇ ಸೆಕೆಂಡುಗಳಲ್ಲಿ ಪಿಸ್ಟನ್ ಕರಗಬಲ್ಲದು. ಕಿವಿರಕ್ಷಕ, ಹೊಗೆ ಹೊರಹೋಗುವ ವ್ಯವಸ್ಥೆ ಮತ್ತು ಬೆಂಕಿ ಆರಿಸುವ ಸಲಕರಣೆ ಇಲ್ಲದೆ ಈ ಓಟ ಆರಂಭಿಸಬಾರದು.

ಅಂಕಿಗಳನ್ನು ಓದುವ ಬಗೆ

ಹೆಚ್ಚಿನವರು ಎಡವುವುದು ಇಲ್ಲಿಯೇ. ಬದಿಯಲ್ಲಿ ಪ್ಲಗ್ ಇರುವ ಮೊದಲ ಹೆಡ್ 26 ಡಿಗ್ರಿ ಅಡ್ವಾನ್ಸ್‌ನಲ್ಲಿ (ಪಿಸ್ಟನ್ ಅತಿ ಮೇಲಿನ ಬಿಂದುವಿಗೆ ಅಷ್ಟು ಡಿಗ್ರಿ ಮೊದಲೇ ಕಿಡಿ ಹಾರಿದಾಗ) ನಾಕ್ ಮಿತಿ ತಲುಪಿತು, ನಡುಪ್ಲಗ್ಗಿನ ಎರಡನೆಯದು 18 ಡಿಗ್ರಿಯಲ್ಲೇ ತಲುಪಿತು ಎಂದಿಟ್ಟುಕೊಳ್ಳೋಣ. ಮೊದಲನೆಯದು 8 ಡಿಗ್ರಿ ಹೆಚ್ಚು ತಾಳಿಕೊಂಡಿತು, ಆದ್ದರಿಂದ ಅದೇ ಉತ್ತಮ ಎಂದು ತೀರ್ಪು ಕೊಡುವುದು ಸುಲಭ, ಮತ್ತು ತಪ್ಪು. ಎರಡನೆಯ ಹೆಡ್‌ನಲ್ಲಿ ಇಂಧನ ವೇಗವಾಗಿ ಉರಿಯುವುದರಿಂದ ಅದಕ್ಕೆ ಗರಿಷ್ಠ ಟಾರ್ಕ್ ಕೊಡಲು 20 ಡಿಗ್ರಿ ಸಾಕು, ಮೊದಲನೆಯದಕ್ಕೆ 32 ಡಿಗ್ರಿ ಬೇಕು ಎಂದಾದರೆ, ಮೊದಲನೆಯದು ತನಗೆ ಬೇಕಾದುದಕ್ಕಿಂತ 6 ಡಿಗ್ರಿ ಹಿಂದೆ ನಿಂತಿದೆ, ಎರಡನೆಯದು ಬರೀ 2 ಡಿಗ್ರಿ. ಕಿಡಿಯ ಡಿಗ್ರಿಯು ಹೆಡ್‌ನ ಗುಣವನ್ನು ಅಳೆಯುವ ಮಾನದಂಡವೇ ಅಲ್ಲ.

ಇದರ ಬದಲು ಒತ್ತಡದ ದಾಖಲೆಯಿಂದ, ಇಂಧನದ ಅರ್ಧಭಾಗ ಉರಿದು ಮುಗಿಯುವ ಬಿಂದುವನ್ನು ಲೆಕ್ಕಹಾಕಬೇಕು. ಸಾಮಾನ್ಯವಾಗಿ ಗರಿಷ್ಠ ಟಾರ್ಕ್ ಸಿಗುವಾಗ ಈ ಬಿಂದು ಪಿಸ್ಟನ್ ಅತಿ ಮೇಲಿನ ಬಿಂದುವಿನಿಂದ ಸುಮಾರು 8 ಡಿಗ್ರಿ ನಂತರ ಬರುತ್ತದೆ, ಹೆಡ್ ಯಾವುದೇ ಇರಲಿ. ನಾಕ್ ಮಿತಿಯಲ್ಲಿ ಅದು ಎಷ್ಟು ತಡವಾಗಿ ಬಂದಿದೆ ಎಂಬುದೇ ಎರಡು ಹೆಡ್‌ಗಳ ನಡುವಿನ ನ್ಯಾಯವಾದ ಹೋಲಿಕೆ. ಮೇಲಿನ ಉದಾಹರಣೆಯಲ್ಲಿ ಮೊದಲ ಹೆಡ್‌ನಲ್ಲಿ ಅದು 14 ಡಿಗ್ರಿಗೂ ಎರಡನೆಯದರಲ್ಲಿ 10 ಡಿಗ್ರಿಗೂ ಬಂದರೆ ಗೆದ್ದದ್ದು ಎರಡನೆಯದು. ಒತ್ತಡದ ಸೆನ್ಸರ್ ಇಲ್ಲದವರು ಗರಿಷ್ಠ ಟಾರ್ಕಿನ ಟೈಮಿಂಗ್ ಮತ್ತು ನಾಕ್ ಮಿತಿಯ ಟೈಮಿಂಗ್ ನಡುವಿನ ಅಂತರವನ್ನಾದರೂ, ಮಿತಿಯಲ್ಲಿ ಸಿಕ್ಕ ಟಾರ್ಕನ್ನಾದರೂ ಹೋಲಿಸಬೇಕು. ಆದರೆ ಗರಿಷ್ಠ ಟಾರ್ಕಿನ ಬಿಂದುವೇ ನಾಕಿಂಗಿನ ಆಚೆ ಅಡಗಿದ್ದರೆ ಹೆಚ್ಚು ಆಕ್ಟೇನಿನ (ನಾಕಿಂಗನ್ನು ಹೆಚ್ಚು ತಡೆಯುವ) ಇಂಧನ ಬಳಸಿ ಅದನ್ನು ಪತ್ತೆಹಚ್ಚಬೇಕಾಗುತ್ತದೆ.

ಫಲಿತಾಂಶವನ್ನು ಆಕ್ಟೇನ್ ಅಂಕಿಯಲ್ಲಿ ಹೇಳಬೇಕೆಂದಿದ್ದರೆ ಇನ್ನೊಂದು ದಾರಿಯಿದೆ. ಇಂಧನಗಳ ಆಕ್ಟೇನ್ ಅಳೆಯುವ ಸಿಎಫ್‌ಆರ್ ಎಂಜಿನ್ನಿನಲ್ಲಿ ಕಂಪ್ರೆಶನ್ ರೇಶಿಯೋವನ್ನು 4ರಿಂದ 18ರವರೆಗೆ ಓಡುತ್ತಿರುವಾಗಲೇ ಬದಲಿಸಬಹುದು. ಅಲ್ಲಿ ಎಂಜಿನ್ ಅಳತೆಗೋಲು, ಇಂಧನ ಅಳೆಯುವ ವಸ್ತು. ಇಲ್ಲಿ ಅದನ್ನು ತಿರುಗಿಸಬೇಕು. 100 ಆಕ್ಟೇನಿನ ಐಸೊಆಕ್ಟೇನ್ ಮತ್ತು ಶೂನ್ಯದ ನಾರ್ಮಲ್ ಹೆಪ್ಟೇನ್‌ಗಳನ್ನು ಗಾತ್ರದ ಲೆಕ್ಕದಲ್ಲಿ ಬೆರೆಸಿ 88, 90, 92 ಎಂದು ಮಿಶ್ರಣಗಳನ್ನು ಮಾಡಿಕೊಂಡು, ಅರ್ಧದಹನದ ಬಿಂದುವನ್ನು 8 ಡಿಗ್ರಿಗೆ ನಿಲ್ಲಿಸಿ, ನಾಕ್ ಮಿತಿಯೊಳಗೆ ಉಳಿಯಲು ಪ್ರತಿ ಹೆಡ್ಡಿಗೆ ಕನಿಷ್ಠ ಎಷ್ಟು ಆಕ್ಟೇನ್ ಬೇಕೆಂದು ಕಂಡುಕೊಳ್ಳಬಹುದು. ಆದರೆ ಈ ಎರಡೇ ದ್ರವಗಳ ಮಿಶ್ರಣದಲ್ಲಿ ರಿಸರ್ಚ್ ಆಕ್ಟೇನ್ ಮತ್ತು ಮೋಟಾರ್ ಆಕ್ಟೇನ್ (ಎರಡು ಬೇರೆ ಪರೀಕ್ಷಾ ವಿಧಾನಗಳಲ್ಲಿ ಸಿಗುವ ಆಕ್ಟೇನ್ ಅಂಕಿಗಳು) ಒಂದೇ ಆಗಿರುತ್ತವೆ, ಪಂಪಿನ ಪೆಟ್ರೋಲಿನಲ್ಲಿ ಅವು ಬೇರೆ ಬೇರೆ. ಟೊಲ್ವೀನ್ ಮುಂತಾದವು ಇರುವ ಪಂಪಿನ ಪೆಟ್ರೋಲ್ ಉಷ್ಣತೆಗೆ ಹೆಚ್ಚು ಸ್ಪಂದಿಸುವುದರಿಂದ, ಅಂಚಿನ ಅನಿಲವನ್ನು ತಂಪಾಗಿಡುವ ಹೆಡ್ ಅದರಲ್ಲಿ ಇನ್ನೂ ದೊಡ್ಡ ಲಾಭ ತೋರಿಸಬಹುದು. ಆದ್ದರಿಂದ ಮಿಶ್ರಣದ ಫಲಿತಾಂಶವನ್ನು ಪಂಪಿನ ಪೆಟ್ರೋಲಿನಿಂದಲೂ ಒಮ್ಮೆ ಪರಿಶೀಲಿಸದೆ ಬಿಡಬಾರದು.

ಹೆಡ್ ಬಿಚ್ಚಿದ ಮೇಲೆ

ಪ್ರತಿ ಓಟದ ನಂತರ ಹೆಡ್ ಬಿಚ್ಚಿದಾಗ ಕೋಣೆ ಮತ್ತು ಪಿಸ್ಟನ್ ತಲೆಯನ್ನು ಒರೆಸುವ ಮೊದಲೇ ಒಳ್ಳೆಯ ಬೆಳಕಿನಲ್ಲಿ ಚಿತ್ರ ತೆಗೆದಿಡಬೇಕು. ನಾಕಿಂಗ್ ನಡೆದ ಜಾಗದಲ್ಲಿ ಇಂಗಾಲ ಕಿತ್ತುಹೋಗಿ ಲೋಹ ಬರಿದಾಗಿರುತ್ತದೆ. ತೀವ್ರವಾಗಿದ್ದರೆ ಮರಳು ಎರಚಿದಂಥ ಸಣ್ಣ ಗುಳಿಗಳು ಪಿಸ್ಟನ್ನಿನ ಅಂಚಿನಲ್ಲಿ, ಮೇಲಿನ ರಿಂಗಿನ ಮೇಲ್ಭಾಗದಲ್ಲಿ ಕಾಣುತ್ತವೆ, ಪ್ಲಗ್‌ನ ಪಿಂಗಾಣಿಯ ಮೇಲೆ ಅಲ್ಯೂಮಿನಿಯಂನ ಬೂದುಬಣ್ಣದ ಕಣಗಳು ಅಂಟಿರುತ್ತವೆ. ಗುರುತುಗಳು ಎಕ್ಸಾಸ್ಟ್ ಬದಿಯಲ್ಲಿ ಗುಂಪಾಗಿದ್ದರೆ ಮೊದಲು ಆ ಬದಿಯ ತಣಿಸುವಿಕೆಯನ್ನೂ ಪ್ಲಗ್ಗನ್ನು ಅತ್ತ ತುಸು ಸರಿಸುವ ಸಾಧ್ಯತೆಯನ್ನೂ ನೋಡಬೇಕು. ಸ್ಕ್ವಿಶ್ ಪಟ್ಟಿಯ ಒಳಗೇ ಕಂಡರೆ ಅಂತರ ಅತಿಯಾಗಿ ಅಗಲವಾಗಿದೆ ಎಂಬ ಅನುಮಾನಕ್ಕೆ ಬಲ ಬರುತ್ತದೆ: ಒಂದೂವರೆ, ಎರಡು ಮಿಲಿಮೀಟರಿನ ಸಂದಿಯಲ್ಲಿ ಅನಿಲ ಸಿಕ್ಕಿಕೊಳ್ಳುತ್ತದೆ, ಆದರೆ ಗೋಡೆಗಳು ಅದನ್ನು ತಣಿಸುವಷ್ಟು ಹತ್ತಿರವಿರುವುದಿಲ್ಲ, ಹೊರಗೆ ಚಿಮ್ಮಿಸುವಷ್ಟು ರಭಸವೂ ಹುಟ್ಟುವುದಿಲ್ಲ. ಅಂಥಲ್ಲಿ ಅಂತರವನ್ನು 1 ಮಿಲಿಮೀಟರಿನ ಆಸುಪಾಸಿಗೆ ಇಳಿಸಿ, ಬಿಸಿಯಾದಾಗ ಮತ್ತು ಹೆಚ್ಚಿನ ವೇಗದಲ್ಲಿ ಪಿಸ್ಟನ್ ಹೆಡ್ಡಿಗೆ ತಾಗುವುದಿಲ್ಲವೆಂದು ಖಚಿತಪಡಿಸಿಕೊಂಡು, ಕೋಣೆಯ ಗಾತ್ರವನ್ನು ಬ್ಯುರೆಟ್‌ನಿಂದ ಮತ್ತೆ ಅಳೆದು ಸರಿದೂಗಿಸಿದ ಮೇಲೆ ಮುಂದಿನ ಓಟಕ್ಕೆ ಹೋಗಬೇಕು.